ಇಸ್ತ್ರಿ ಹಾಕಿದ ಮೊಲ

ನನ್ನ ಓದು ಅಷ್ಟಕ್ಕಷ್ಟೇ. ಹೆಸರು ಬರೆಯಲು ಕಲಿತ ಮೇಲೆ ಲಾಂಡ್ರಿ ಸೇರಿದವನು, ಹಲ್ಲು ಅಲ್ಲಾಡುವವರೆಗೂ ಅಲ್ಲೇ ಬಟ್ಟೆ ಒಗೆದೆ. ನನ್ನ ಹೆಂಡತಿ ಅದೇ ಲಾಂಡ್ರಿಯ ಇಸ್ತ್ರಿಯವಳು. ಎಲ್ಲಾದರೂ ಒಂದು ಸುಕ್ಕು ಕಂಡರೆ ಅವಳಿಗೆ ಊಟ ಸೇರದು.

ಜಪಾನಿನ ಮರದಚ್ಚಿನ ಚಿತ್ರಗಳ ಹುಚ್ಚು ನನಗೆ ಹಿಡಿದದ್ದು ಲಾಂಡ್ರಿಯ ಎದುರಿನ ಚಿತ್ರದಂಗಡಿಯಿಂದ. ಪುರಾತನ ಕಾಲದವಲ್ಲ; ನಮ್ಮ ವಯಸ್ಸಿನವರೇ ಹಲಗೆ ಕೆತ್ತಿ, ಬಣ್ಣ ಹಚ್ಚಿ, ಮೇಲೆ ಕಾಗದವಿಟ್ಟು ಉಜ್ಜಿ ತೆಗೆದವು. ನಾನು ಕೊಳ್ಳುತ್ತಿದ್ದುದು ಪ್ರಾಣಿಗಳನ್ನು ಮಾತ್ರ. ಕತ್ತು ತಿರುಗಿಸಿದ ಗೂಬೆ, ಮೀನಿನ ತೊಟ್ಟಿಯ ಪಕ್ಕ ಏನೂ ಅರಿಯದಂತೆ ಕೂತ ಬೆಕ್ಕು, ಮಳೆಗೆ ಬೆನ್ನು ಕೊಟ್ಟ ಕುದುರೆ. ಹಿಂದಿನ ಕೋಣೆಯ ಗೋಡೆ ತುಂಬಿತು. ಹೆಂಡತಿ ಅಲ್ಲಿಗೆ ಬರುತ್ತಿದ್ದುದು ಪೊರಕೆ ಹಿಡಿದು. “ನಿಮ್ಮ ಮೃಗಾಲಯಕ್ಕೆ ನಾನು ಬಿಟ್ಟಿ ಜಾಡಮಾಲಿ” ಎನ್ನುತ್ತಿದ್ದಳೇ ಹೊರತು ಗೋಡೆಯತ್ತ ಕಣ್ಣೆತ್ತುತ್ತಿರಲಿಲ್ಲ. ಇಷ್ಟು ಚಂದದ್ದನ್ನು ಒಬ್ಬನೇ ನೋಡಬೇಕಲ್ಲ ಎಂಬುದೇ ನನ್ನ ಕೊರಗು.

ಹೀಗಿರುವಾಗ ಮೊಲ ಬಂತು. ಹಿಮದಲ್ಲಿ ಕೂತ ಬಿಳಿ ಮೊಲ. ಬಣ್ಣವಿದ್ದದ್ದು ಕಣ್ಣಿಗೆ, ಕಿವಿಯ ತುದಿಗೆ ಮಾತ್ರ. ಮೈಯ ರೋಮವನ್ನೆಲ್ಲ ಬಣ್ಣ ಹಚ್ಚದ ಹಲಗೆಯಿಂದ ಒತ್ತಿ, ಕಾಗದವನ್ನೇ ಉಬ್ಬಿಸಿದ್ದರು. ಅದನ್ನು ಮೇಜಿನ ಮೇಲಿಟ್ಟು, ಅಳತೆ ಹೇಳಿಬರಲು ಚೌಕಟ್ಟು ಹಾಕುವವನ ಬಳಿ ಹೋದೆ.

ವಾಪಸು ಬಂದಾಗ ಕಾಗದ ಗಾಜಿನಂತೆ ಮಟ್ಟಸವಾಗಿತ್ತು.

“ಎಷ್ಟು ಸುಕ್ಕಾಗಿತ್ತು ಗೊತ್ತೇನ್ರೀ! ಒದ್ದೆ ಬಟ್ಟೆ ಹಾಸಿ ಹದವಾಗಿ ಇಸ್ತ್ರಿ ಹಾಕಿದೆ. ಅಂಗಡಿಯವಳು ಮುದುರಿದ ಮಾಲು ದಾಟಿಸಿದಾಳೆ ನಿಮಗೆ.”

“ಅದು ಸುಕ್ಕಲ್ಲ ಕಣೇ, ರೋಮ” ಎಂದೆ.

ಅವಳು ಕಾಗದವನ್ನು ಕಿಟಕಿಗೆ ಹಿಡಿದಳು. ಕಣ್ಣಿತ್ತು, ಕಿವಿಯ ತುದಿಯಿತ್ತು, ಮೊಲವಿರಲಿಲ್ಲ. ಕಾಗದವನ್ನು ಮೆಲ್ಲಗೆ ನನ್ನ ಕೈಗಿತ್ತಳು. “ಇನ್ನು ಆ ಕೋಣೆಗೆ ಕಾಲಿಡಲ್ಲ” ಎಂದಳು. ಮೊಲ ಹೋದರೆ ಹೋಗಲಿ. ಪೊರಕೆಯ ನೆಪದಲ್ಲಾದರೂ ಬರುತ್ತಿದ್ದವಳು ಅದನ್ನೂ ಬಿಟ್ಟರೆ?

ಮಾರನೆಯ ದಿನ ಹೇಗೋ ಪುಸಲಾಯಿಸಿ ಅಂಗಡಿಗೆ ಕರೆದೊಯ್ದೆ. ಅಂಗಡಿಯವಳು ಕಾಗದ ನೋಡಿ, ನಗು ತಡೆಯಲಾರದೆ ಕುರ್ಚಿ ಎಳೆದುಕೊಂಡು ಕೂತಳು.

“ಅಮ್ಮಾ, ಮೊಲಕ್ಕೆ ನುಣ್ಣಗೆ ಕ್ಷೌರ ಮಾಡಿಬಿಟ್ಟಿದೀರಲ್ಲ!”

“ನಗಬೇಡ ತಾಯಿ. ಮತ್ತೆ ಎಬ್ಬಿಸೋಕಾಗುತ್ತಾ ಹೇಳು.”

“ಆ ಹಲಗೆ ಇಲ್ದೆ ಆಗಲ್ಲಮ್ಮ. ಇದೇ ಹಲಗೆಯ ಇನ್ನೊಂದು ಪ್ರತಿ ಇದೆ. ಬೇರೆಯವರು ಆಗಲೇ ಹೇಳಿಟ್ಟಿದಾರೆ, ಕೊಡೋಕಾಗಲ್ಲ. ನೋಡ್ಕೊಂಡಾದ್ರೂ ಹೋಗಿ.”

ಅಂಗಡಿಯವಳು ಆ ಪ್ರತಿಯನ್ನು ಹೊರತೆಗೆದು ದೀಪವನ್ನು ಓರೆ ಮಾಡಿದಳು. ಹೆಂಡತಿ ಬಗ್ಗಿದಳು. ಮೊಲದ ಬೆನ್ನಿನ ರೋಮ ಒಂದು ಕಡೆಗೆ, ಹೊಟ್ಟೆಯದು ಇನ್ನೊಂದು ಕಡೆಗೆ ಮೆಲ್ಲಗೆ ಎದ್ದಿತು.

“ಇದನ್ನ ಕೈಯಲ್ಲೇ ಒತ್ತೋದಾ?”

“ಕೈಯಲ್ಲೇ. ಒಂದೊಂದು ಕಾಗದಾನೂ.”

“ಅಯ್ಯೋ ಪುಣ್ಯಾತ್ಮ, ಭುಜ ಬಿದ್ದೇಹೋಗಿರುತ್ತೆ” ಎಂದು ಹೆಂಡತಿ ತನ್ನ ಬಲಭುಜ ನೀವಿಕೊಂಡಳು. ಆಮೇಲೆ ನನ್ನತ್ತ ತಿರುಗಿದಳು. “ಇಷ್ಟು ವರ್ಷ ನೀವು ನೋಡ್ತಿದ್ದದ್ದು ಇದನ್ನಾ? ಹೇಳಬಾರ್ದಿತ್ತಾ?”

“ಹೇಳಿದ್ನಲ್ಲೇ.”

“ಸರಿಯಾಗಿ ಹೇಳಿಲ್ಲ ಬಿಡಿ.”

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಹಿಂದಿನ ಕೋಣೆಗೆ ನಡೆದಳು. ಬರಿಗೈಯಲ್ಲಿ. ಒಂದೊಂದೇ ಚಿತ್ರದ ಮುಂದೆ ನಿಂತು ನೋಡತೊಡಗಿದಳು. ಆ ಮೊಲ ಕೆತ್ತಿದವರ ಸಹಿ ನನಗೆ ಓದಲು ಬಾರದು. ಅವರು ಎಲ್ಲೇ ಇರಲಿ, ಚೆನ್ನಾಗಿರಲಿ ಎಂದುಕೊಂಡು ಬಾಗಿಲಲ್ಲೇ ನಿಂತೆ.

“ಏನ್ರೀ, ಬನ್ನಿ ಇಲ್ಲಿ” ಎಂದು ಕರೆದಳು. “ಈ ಕಾಗೆ ಥೇಟ್ ನಿಮ್ಮಕ್ಕನ ಹಾಗೇ ಕೂತಿದೆ.”

ಹೋಗಿ ನೋಡಿದೆ. ಹೌದು, ನಮ್ಮಕ್ಕನೇ. ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ.