ಚೀಟಿಯಲ್ಲಿಲ್ಲದ ತೂಕ

"ಬೋಳಿಮಗನೆ, ಗಾಡಿಗೆ ವಯಸ್ಸಾದ್ರೆ ಬಾಗಿಲ ಮೇಲಿನ ನಂಬರೂ ಇಳಿಯುತ್ತೇನೋ? ಆರು ಟನ್ ಅಂತ ಬರ್ದಿದೆ. ಆರು ಹೇರು!"

ಕಲ್ಲುಗಣಿಯ ಧಣಿ ಕೈಬೆತ್ತದಿಂದ ಲಾರಿಯ ಬಾಗಿಲಿಗೆ ಬಾರಿಸಿದ. ಬಣ್ಣದ ಚಕ್ಕೆ ಉದುರಿತು. ತಾನು ಹುಟ್ಟುವ ಮೊದಲೇ ರಸ್ತೆಗಿಳಿದಿದ್ದ ಆ ಲಾರಿಯ ಹಿಂಬದಿಗೆ ಡ್ರೈವರ್ ಕೈ ತೋರಿಸಿದ. ಸ್ಪ್ರಿಂಗಿನ ಪಟ್ಟಿಗಳಲ್ಲಿ ಮೂರು ಸೀಳಿದ್ದವು. ಒಂದಕ್ಕೆ ತಂತಿ ಸುತ್ತಿದ್ದರು.

"ನಾಲ್ಕಕ್ಕೇ ಸೊಂಟ ಬಿಡ್ತದೆ ಧಣಿ. ಮೇಲೆ ಎಂಟು ಜನ ಬೇರೆ ಕೂರ್ತಾರೆ."

"ಆ ದರಿದ್ರಗಳದ್ದೇನೋ ತೂಕ? ಉಫ್ ಅಂದ್ರೆ ಹಾರಿಹೋಗ್ತವೆ."

ಬೆನ್ನ ಮೇಲೆ ಕಲ್ಲಿನ ಚಪ್ಪಡಿ ಹೊತ್ತು ಹಲಗೆ ಹತ್ತುತ್ತಿದ್ದ ಗಟ್ಟಿಗಿತ್ತಿಗೆ ಆ ಮಾತು ಕೇಳಿಸಿತು. ಇಬ್ಬರು ಎತ್ತುವುದನ್ನು ಒಬ್ಬಳೇ ಎತ್ತುತ್ತಾಳೆಂದು ಜೊತೆಯವರು ಇಟ್ಟ ಹೆಸರು ಅದು. ಅವಳ ಕಾಲು ಒಂದು ಗಳಿಗೆ ನಿಂತಿತು. ಮತ್ತೆ ಹತ್ತಿದಳು.

ಮೂರು ವಾರದ ಹಿಂದೆ ಇದೇ ಲಾರಿ ತಿರುವಿನಲ್ಲಿ ವಾಲಿ, ಮೇಲೆ ಕೂತಿದ್ದ ಅವಳ ಗಂಡ ಚಪ್ಪಡಿಗಳಡಿ ಸಿಕ್ಕಿ ಸತ್ತಿದ್ದ. ಮರುದಿನವೇ ಲಾರಿ ತೊಳೆದು ಕೆಲಸಕ್ಕೆ ಹಚ್ಚಿದರು. ವಿಚಾರಣೆಗೆ ಬಂದ ಅಧಿಕಾರಿ ತೂಕದ ಚೀಟಿಯನ್ನು ಹಿಂದೆ ಮುಂದೆ ತಿರುವಿದ.

"ಕಲ್ಲು ಆರು ಟನ್, ಅಷ್ಟೇ ಇದೆ. ಗಾಡೀಲಿ ಆಳೇ ಇರ್ಲಿಲ್ವಲ್ಲಮ್ಮ. ನಿನ್ ಗಂಡ ರೋಡಲ್ಲಿ ಅಡ್ಡ ಬಂದಿರ್ಬೇಕು."

ದಾರಿಹೋಕ ಎಂದು ಬರೆದುಕೊಂಡ. ಧಣಿ ಪಕ್ಕದಲ್ಲೇ ನಿಂತಿದ್ದ. ಹೌದಲ್ವೇನೋ ಎಂದು ಧಣಿ ಕೇಳಿದಾಗ ಡ್ರೈವರ್ ನೆಲ ನೋಡುತ್ತ ಹೂಂಗುಟ್ಟಿದ್ದ. ಅಂದಿನಿಂದ ಅವಳು ಅವನೊಂದಿಗೆ ಮಾತಾಡಿರಲಿಲ್ಲ.

ಹೇರು ಮುಗಿದು ಲಾರಿ ನರಳುತ್ತ, ಚೀಟಿ ಕೊಡುವ ತೂಕದ ಕಟ್ಟೆಗೆ ಬಂತು. ಹಿಂದೆಯೇ ಧಣಿಯ ಕಾರು. ಇಲ್ಲಿ ಆಳುಗಳೆಲ್ಲ ಇಳಿಯಬೇಕು, ಗೇಟು ದಾಟಿದ ಮೇಲೆ ಮತ್ತೆ ಹತ್ತಬೇಕು. ಏಳು ಜನ ಧುಮುಕಿದರು. ಗಟ್ಟಿಗಿತ್ತಿ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ಇದ್ದಳು.

"ಏಯ್, ಇಳಿಯೇ! ತೂಕ ತಪ್ಪುತ್ತೆ," ಕಿಟಕಿಯಿಂದ ಗುಮಾಸ್ತ ಕೂಗಿದ.

"ತಪ್ಪಲ್ಲ. ಈಗ್ಲೇ ಸರಿಯಾಗಿರೋದು. ನನ್ನೂ ಸೇರ್ಸಿ ಬರಿ."

"ಅತ್ತಿಗೆ, ಇಳಿ," ಮೈದುನ ಕೆಳಗಿನಿಂದ ಗೋಗರೆದ. "ನಾಳೆಯಿಂದ ಯಾರೂ ಕೆಲ್ಸ ಕೊಡಲ್ಲ."

"ನಿಮ್ಮಣ್ಣ ದಾರಿಹೋಕನಂತೆ ಕಣೋ. ಮೇಲಿಂದ ಬಿದ್ರೆ ನೀನೂ ದಾರಿಹೋಕನೇ."

ಧಣಿ ಕಾರಿನಿಂದಿಳಿದ. "ಮುಂಡೇದನ್ನ ಜುಟ್ಟು ಹಿಡಿದು ಎಳೀರೋ! ಲೇ ಡ್ರೈವರ್, ಗಾಡಿ ಮುಂದಕ್ಕೆ ತಗಿ!"

ಇಂಜಿನ್ ಒಮ್ಮೆ ಗುಡುಗಿ ಆರಿಹೋಯಿತು. ಡ್ರೈವರ್ ಕೀಲಿಯನ್ನು ಜೇಬಿಗಿಳಿಸಿ ಕೆಳಗೆ ಬಂದ. "ಅವತ್ತು ಇವಳ ಗಂಡ ಮೇಲೇ ಕೂತಿದ್ದ, ಧಣಿ. ನಾನೇ ಕೈ ಕೊಟ್ಟು ಹತ್ತಿಸಿದ್ದೆ," ಎಂದ, ಎಲ್ಲರಿಗೂ ಕೇಳುವಂತೆ.

ಬೆತ್ತ ಅವನ ಕೆನ್ನೆಗೆ ಬಿತ್ತು. ಅವನು ಅಲುಗಲಿಲ್ಲ.

ಮೈದುನ ಚಕ್ರಕ್ಕೆ ಕಾಲು ಕೊಟ್ಟು ಮೇಲೆ ಹತ್ತಿದ. ಅವನ ಹಿಂದೆ ಇನ್ನಿಬ್ಬರು. ಉಳಿದ ನಾಲ್ವರು ಧಣಿಯ ಮುಖ ನೋಡುತ್ತ ನಿಂತಲ್ಲೇ ನಿಂತರು. ಹಿಂದೆ ಸಾಲುಗಟ್ಟಿದ ಲಾರಿಗಳು ಹಾರನ್ ಒತ್ತತೊಡಗಿದವು. ಕಿಟಕಿಯೊಳಗೆ, ಖಾಲಿ ಗಾಡಿಯ ತೂಕ ಕಳೆದಿಟ್ಟ ತಕ್ಕಡಿಯ ಮುಳ್ಳು ಆರನ್ನು ದಾಟಿ ಸರಿಯುತ್ತಿತ್ತು.

ಧಣಿ ಕಣ್ಸನ್ನೆ ಮಾಡಿದ. ಗುಮಾಸ್ತ ಎದ್ದು ಗಾಜಿನ ಮೇಲೆ ಅಂಗೈ ಅಗಲಿಸಿ, ಮುಳ್ಳು ಯಾರಿಗೂ ಕಾಣದಂತೆ ಮುಚ್ಚಿಕೊಂಡು ನಿಂತ.

"ಕೈ ತಗಿಯೋ," ಎಂದಳು ಗಟ್ಟಿಗಿತ್ತಿ.