ಹುಲ್ಲಪ್ಪನ ಹಿಮ್ಮಡದ ಮೇಲಿನ ನೊಣ

ಕಾರಹುಣ್ಣಿವೆ ಮುಗಿದು, ಎರಡು ಮಳೆ ಬಿದ್ದು, ನೊಣ ಏಳುವ ಕಾಲ. ಹೊತ್ತು ಮಾರುದ್ದ ಏರಿತ್ತು. ಕಮತಗಿಗೆ ಹತ್ತಿರದ ಊರೊಂದರಲ್ಲಿ ಕುರಿಗಾರ ಹುಲ್ಲಪ್ಪ ತನ್ನ ಕುರಿದಡ್ಡಿಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಚಹಾ ಆರಿಸುತ್ತಿದ್ದ. ಹೆಂಡತಿ ಮಾಯವ್ವ ಬೀರಪ್ಪನ ಪೂಜೆ ಮುಗಿಸಿ ಬಂದು, ತಾಟಿನಲ್ಲಿದ್ದ ಭಂಡಾರವನ್ನು ಬಾಗಿಲಿಗೆ ಹಚ್ಚಿದಳು, ಟಗರಿನ ಹಣೆಗೆ ಹಚ್ಚಿದಳು, ಗಂಡನ ಹಣೆಗೂ ಹಚ್ಚಿದಳು. ಆಮೇಲೆ ತಾಟನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ರೊಟ್ಟಿ ಬಡಿಯಲು ಒಳಗೆ ಹೋದಳು. ಆ ಮನೆಯಲ್ಲಿ ಅರಿಷಿಣದ ಪುಡಿ ಮುಟ್ಟದ ವಸ್ತುವೇ ಇರಲಿಲ್ಲ. ಹಳದಿ ಇಲ್ಲದ್ದು ಏನಾದರೂ ಇದ್ದರೆ ಅದೇ ಕಣ್ಣಿಗೆ ಬೀಳಬೇಕು.

"ಮುತ್ತ್ಯಾ, ಅಳ್ಳಾಡಬ್ಯಾಡ!" ಎಂದು ಮೊಮ್ಮಗಳು ಜಯಶ್ರೀ ಕೂಗಿದಳು.

ಹುಲ್ಲಪ್ಪ ಬಟ್ಟಲನ್ನು ತುಟಿಗೆ ಹಿಡಿದವನು ಹಾಗೇ ಕಲ್ಲಾದ. "ಏನವ್ವಾ, ಹಾವೇನ?"

"ಹಾವಲ್ಲ, ನೊಣ. ನಿನ್ನ ಹಿಮ್ಮಡದ ಮ್ಯಾಲ ಕುಂತೈತಿ."

ಜಯಶ್ರೀ ಬಾಗಲಕೋಟೆಯ ಕಾಲೇಜಿನಲ್ಲಿ ಓದುವವಳು. ಸಣ್ಣ ನೊಣಗಳ ಫೋಟೋ ತೆಗೆದು ಅವುಗಳ ಜಾತಿ ತಿಳಿದುಕೊಂಡು ಬರಬೇಕೆಂದು ರಜೆಗೆ ಹೇಳಿ ಕಳಿಸಿದ್ದರು. ನೊಣ ಬಲ್ಲವರದೇ ಒಂದು ಗುಂಪು ಮೊಬೈಲಿನಲ್ಲಿತ್ತು. ಫೋಟೋ ಹಾಕಿದರೆ ಅವರು ಹೆಸರು ಹೇಳುತ್ತಿದ್ದರು. ಆ ಗುಂಪಿಗೆ ಹಿರಿಯರು ಇಳಕಲ್ಲಿನ ಶ್ರೀಧರ. ನೇಕಾರರ ಮನೆಯವರು, ಸೀರೆ ಅಂಗಡಿ ಇತ್ತು. ಗಿರಾಕಿಗಳು ಸೆರಗು ನೋಡುವಾಗ ಇವರು ನೊಣ ನೋಡುತ್ತಿದ್ದರು.

ಅವಳು ಹೊಡೆದು ಹಾಕಿದ ಫೋಟೋಕ್ಕೆ ಮಧ್ಯಾಹ್ನದ ಹೊತ್ತಿಗೆ ಶ್ರೀಧರರ ಉತ್ತರ ಬಂತು: "ನೊಣ ಆಮ್ಯಾಲ ನೋಡೂಣು. ಮದಲ ಅದು ಕುಂತ ಗಿಡ ಯಾವುದು ಹೇಳವಾ. ತೊಗಟಿ ಭಾಳ ಹಳೇದು ಕಾಣತೈತಿ. ಬೇವೋ, ಜಾಲಿಯೋ?"

"ಸರ್, ಅದು ನಮ್ಮ ಮುತ್ತ್ಯಾನ ಹಿಮ್ಮಡರಿ," ಎಂದು ಜಯಶ್ರೀ ಬರೆದಳು.

ಆಮೇಲೆ ಫೋನೇ ಬಂತು. "ತಂಗೀ, ಹಿಮ್ಮಡ ಇರಲಿ. ಇದರ ಬೆನ್ನ ಮ್ಯಾಲ ಹಳದಿ ಪಟ್ಟಿ ಅದಾವಲ್ಲ, ಇಂಥಾದ್ದು ನಾ ಕಂಡೇ ಇಲ್ಲ. ಮಾರಿ ಕಾಣೂಹಂಗ ಒಂದು, ಮಗ್ಗಲದಿಂದ ಒಂದು ಫೋಟೋ ಹೊಡಿ. ರೆಕ್ಕಿ ಮ್ಯಾಲಿನ ನರ ಕಾಣಬೇಕು. ಹೊಸಾ ಜಾತಿ ಅಂತ ಖರೇ ಆದ್ರ ಅದಕ್ಕ ನಿಮ್ಮ ಮುತ್ತ್ಯಾನ ಹೆಸರೇ ಇಡಬಹುದು."

ಹೆಸರು ಎಂಬ ಮಾತು ಕಿವಿಗೆ ಬಿದ್ದದ್ದೇ ಹುಲ್ಲಪ್ಪ ನೆಟ್ಟಗೆ ಕೂತ. ಅವನ ವಾರಿಗೆಯ ಗೆಳೆಯ ಸೋಮಲಿಂಗನ ಹೆಸರು ಊರ ತುಂಬ ಇತ್ತು. ನೀರಿನ ಟಾಕಿಯ ಮೇಲೆ, ಬಸ್ ನಿಲ್ದಾಣದ ಬೆಂಚಿನ ಬೆನ್ನಿಗೆ, ಗುಡಿಯ ಗಂಟೆಗೆ, ಎಲ್ಲೆಲ್ಲೂ ಅದೇ. ಏನಾದರೂ ಕೊಡುವ ಮೊದಲು ಹೆಸರು ಬರೆಸುವ ಜಾಗ ಅಳೆದು ನೋಡುವ ಆಸಾಮಿ ಅವನು. ಹುಲ್ಲಪ್ಪನ ಹೆಸರಾದರೋ ರೇಶನ್ ಕಾರ್ಡಿನಲ್ಲಿ ಮಾತ್ರ ಇತ್ತು. ಅದೂ ಮಾಯವ್ವನ ಹೆಸರಿನ ಕೆಳಗೆ.

ಮರುದಿನದಿಂದ ಹುಲ್ಲಪ್ಪ ಹಿಮ್ಮಡಕ್ಕೆ ಬೆಲ್ಲ ಸವರಿಕೊಂಡು ಕೂತ. ಒಂದು ಹಿಂಡನ್ನು ಇಡೀ ದಿನ ಸುಮ್ಮನೆ ನೋಡುತ್ತ ಕೂರಬಲ್ಲ ಮನುಷ್ಯನಿಗೆ ಒಂದು ನೊಣ ಯಾವ ಲೆಕ್ಕ? ದಿನಾ ಬೆಳಗ್ಗೆ ಹಳದಿ ಬೆನ್ನಿನದು ಒಂದಲ್ಲ ಒಂದು ಬಂದೇ ಬರುತ್ತಿತ್ತು. ಬೆಲ್ಲದ ವಾಸನೆಗೆ ಟಗರೂ ಬಂದು ಹಿಮ್ಮಡ ನೆಕ್ಕುತ್ತಿತ್ತು. ಕಚಗುಳಿ ತಡೆದುಕೊಂಡು ಹುಲ್ಲಪ್ಪನ ಕಣ್ಣಲ್ಲಿ ನೀರು ಸುರಿದರೂ ಕಾಲು ಮಾತ್ರ ಅಲುಗಲಿಲ್ಲ.

ಸುದ್ದಿ ಕಮತಗಿಯ ಮಲೀಕಸಾಬನ ಚಹಾದಂಗಡಿಗೆ ಮುಟ್ಟಿತು. ಹುಲ್ಲಪ್ಪ ಅಲ್ಲಿಗೆ ಹೋದಾಗ ಸೋಮಲಿಂಗ ಕಾದೇ ಕೂತಿದ್ದ.

"ಏನಲೇ ಹುಲ್ಲ್ಯಾ, ನೊಣಕ್ಕ ನಿನ್ನ ಹೆಸರಂತ?"

"ಹೂಂನಲೇ. ಇಳಕಲ್ಲಿನವರು ಹೇಳ್ಯಾರ."

"ನನ್ನ ಹೆಸರು ಟಾಕಿ ಮ್ಯಾಲ ಐತಿ, ಮಂದಿ ತಲಿ ಎತ್ತಿ ಓದತಾರ. ನಿನ್ನ ಹೆಸರು ಹೊತಗೊಂಡು ಅದು ಎಲ್ಲೆಲ್ಲಿ ಕುಂದರತೈತಿ ಅನ್ನೂದು ಗೊತ್ತೈತಿಲ್ಲೋ?"

ಅಂಗಡಿ ನಕ್ಕಿತು. ಮಲೀಕಸಾಬ ಬನ್ನಿನ ಬರಣಿಯ ಮುಚ್ಚಳ ಬಿಗಿ ಮಾಡಿ, "ನೊಣ ಯಾರ ಹೆಸರಿಂದರ ಇರಲಿ, ಇಲ್ಲಿ ಮಾತ್ರ ಕುಂದರೂದು ಬ್ಯಾಡ್ರಿಪಾ," ಎಂದ.

ಹುಲ್ಲಪ್ಪನಿಗೆ ರೇಗಿತು. "ಟಾಕಿ ಇದ್ದಲ್ಲೇ ಇರತೈತಿ. ನನ್ನದು ಊರೂರು ಹಾರತೈತಿ. ಏನು ಪೈಜ ಕಟ್ಟತಿ, ಕಟ್ಟು."

ಸೋಮಲಿಂಗನಿಗೆ ಬೇಕಾದದ್ದೂ ಅದೇ. "ನೊಣಕ್ಕ ನಿನ್ನ ಹೆಸರಾದ್ರ ನನ್ನ ಎಮ್ಮಿಗೆ ಹುಲ್ಲಪ್ಪ ಅಂತ ಕರೀತೇನಿ. ಆಗಲಿಲ್ಲಂದ್ರ ನಿನ್ನ ಟಗರಿಗೆ ನನ್ನ ಹೆಸರಿಡಬೇಕು."

ಆ ಟಗರು ಸುತ್ತ ಹತ್ತೂರಿಗೆ ಗೊತ್ತಿದ್ದ ಟಗರು. ಬಾದಾಮಿಯ ತನಕ ಅದರ ಮಾತಿತ್ತು. ಹೆಸರು ಬರೆಸಲು ಸೋಮಲಿಂಗನಿಗೆ ಇನ್ನು ಉಳಿದಿದ್ದ ಜಾಗ ಅದೊಂದೇ. ಹುಲ್ಲಪ್ಪ ಕೈ ಮೇಲೆ ಕೈ ಹಾಕಿ ಬಂದ.

ರವಿವಾರ ಬೆಳಗ್ಗೆ ಶ್ರೀಧರ ಇಳಕಲ್ಲಿನಿಂದ ಸ್ಕೂಟರಿನ ಮೇಲೆ ಬಂದರು. ಕೊರಳಲ್ಲಿ ಭೂತಗನ್ನಡಿ, ಕಿಸೆಯಲ್ಲಿ ಸಣ್ಣ ಗಾಜಿನ ಶೀಶೆ. ಮಾಯವ್ವ ಬಂದವರ ಹಣೆಗೆ ಭಂಡಾರ ಹಚ್ಚಿ, ತಾಟನ್ನು ಕಟ್ಟೆಯ ಮೇಲಿಟ್ಟು, ಚಹಾಕ್ಕೆ ಒಳಗೆ ಹೋದಳು. ಓಣಿಯೆಲ್ಲ ನೆರೆದಿತ್ತು. ಸೋಮಲಿಂಗ ಹೊಸ ಪಟಕಾ ಸುತ್ತಿಕೊಂಡು ಮುಂದೆ ನಿಂತಿದ್ದ.

ನೊಣ ಬಂತು. ಹಿಮ್ಮಡದ ಮೇಲೆ ಕೂತಿತು. ಶ್ರೀಧರ ಉಸಿರು ಬಿಗಿಹಿಡಿದು ಶೀಶೆ ಮುಚ್ಚಿದರು. ಹುಲ್ಲಪ್ಪ ಎದ್ದು ನಿಂತು ಮೀಸೆಯ ಮೇಲೆ ಕೈ ಇಟ್ಟ.

ಶೀಶೆಯೊಳಗಿನ ನೊಣ ಮೊದಲು ಮುಂಗಾಲು ಉಜ್ಜಿಕೊಂಡಿತು. ಆಮೇಲೆ ಹಿಂಗಾಲು ಎತ್ತಿ ರೆಕ್ಕೆ ಒರೆಸಿಕೊಂಡಿತು. ಮದುವೆಗೆ ಹೊರಟವರ ಹಾಗೆ ತಲೆ ನೀವಿಕೊಂಡಿತು, ಬೆನ್ನು ಕೆರೆದುಕೊಂಡಿತು. ಹೀಗೆ ಅದು ತಿಕ್ಕಿಕೊಂಡಷ್ಟೂ ಶೀಶೆಯ ತಳದಲ್ಲಿ ಹಳದಿ ಪುಡಿ ಉದುರಿತು. ನೆರೆದವರೆಲ್ಲ ನೋಡುತ್ತಿದ್ದ ಹಾಗೆ ಹುಲ್ಲಪ್ಪನ ಹೆಸರು ಅದರ ಬೆನ್ನಿನಿಂದ ಚೂರು ಚೂರೇ ಕೆಳಗಿಳಿಯಿತು. ಕೊನೆಗೆ ಉಳಿದದ್ದು ದಿನಾ ರೊಟ್ಟಿಯ ಬುಟ್ಟಿಯ ಸುತ್ತ ಸುತ್ತುವ ನೊಣ.

ಚಹಾ ತಂದ ಮಾಯವ್ವ ಬಗ್ಗಿ ನೋಡಿದಳು. "ಇದು ಭಂಡಾರ ಅಲ್ಲೇನ್ರಿ? ನನ್ನ ತಾಟಿನ್ಯಾಗ ದಿನಾ ಹೊರಳ್ಯಾಡಿ ಹೋಗತಾವ ಹಾಳಾದ ನೊಣ. ಯಾರರ ಒಂದು ಮಾತು ನನ್ನ ಕೇಳಬಾರದೇನು?"

"ನಾ ಬಂದದ್ದು ಇದ್ಕೇನವಾ?" ಎಂದು ಶ್ರೀಧರ ತಮ್ಮ ಹಣೆ ಮುಟ್ಟಿ ನೋಡಿಕೊಂಡರು. ಬೆರಳು ಹಳದಿಯಾಯಿತು. ಅವರೇ ಮೊದಲು ನಕ್ಕರು.

ಸೋಮಲಿಂಗ ಅವತ್ತೇ ಟಗರಿನ ಕೊರಳಿಗೆ ಹಾರ ಹಾಕಿ, ಕಿವಿಯಲ್ಲಿ ತನ್ನ ಹೆಸರು ಊದಿ, ಬೆಲ್ಲ ಹಂಚಿ ಹೋದ. ಹುಲ್ಲಪ್ಪ ರಾತ್ರಿ ಊಟ ಬಿಟ್ಟ.

ಬೆಳಗಾದ ಮೇಲೆ ಟಗರು ಎಂದಿನಂತೆ ದಡ್ಡಿ ಹಾರಿ ನೆರೆಮನೆಯ ರಮಾಬಾಯಿಯ ಅಂಗಳಕ್ಕೆ ನುಗ್ಗಿತು. ಹುಲ್ಲಪ್ಪನಿಗೆ ಬೇರೆ ದಾರಿ ಇರಲಿಲ್ಲ. ಕೊರಳೆತ್ತಿ ಕೂಗಿದ: "ಲೇ ಸೋಮಲಿಂಗಾ! ಮಂದಿ ಮನ್ಯಾಗ ಬಾಯಿ ಹಾಕತಿಯೇನಲೇ? ನಾಚಿಕಿ ಇಲ್ಲೇನಲೇ?"

ಓಣಿಯ ಕದಗಳು ಒಂದೊಂದೇ ತೆರೆದವು. ಹುಲ್ಲಪ್ಪ ತನ್ನ ದನಿ ತಾನೇ ಕೇಳಿ ಒಂದು ಗಳಿಗೆ ನಿಂತ. ಆಮೇಲೆ ಮೆಲ್ಲಗೆ ಹಸಿವಾಯಿತು. ಮೂರು ರೊಟ್ಟಿ ತಿಂದ.

ಅಂದಿನಿಂದ ಆ ಓಣಿಗೆ ಗಡಿಯಾರ ಬೇಡವಾಯಿತು. "ಸೋಮಲಿಂಗಾ, ಹೆಣ್ಣ ಕುರಿ ಬೆನ್ನ ಹತ್ತಬ್ಯಾಡಲೇ," "ಸೋಮಲಿಂಗನ ಉಣ್ಣಿ ಕತ್ತರಸಬೇಕು, ಹಿಡೀರಿ," "ಬಾಗಲದಾಗ ಹಿಕ್ಕಿ ಹಾಕ್ಯಾನ ನೋಡು ಸೋಮಲಿಂಗ!" ಮಾಯವ್ವನೂ ದನಿ ಕೂಡಿಸಿದಳು.

ಅಷ್ಟರಲ್ಲಿ ಜಯಶ್ರೀ ಹೊಸ ಸುದ್ದಿ ತಂದಳು. ಶ್ರೀಧರ ಆ ಹಿಮ್ಮಡದ ಫೋಟೋವನ್ನು ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಮೇಲೆಯೇ ಇಟ್ಟಿದ್ದರು. ಮೈಗೆ ಪುಡಿ, ಧೂಳು ಮೆತ್ತಿಕೊಂಡ ನೊಣದ ಫೋಟೋ ಯಾರು ಹಾಕಿದರೂ, "ಹೊಸಾ ಜಾತಿ ಅಲ್ಲ, ಇದು ಹುಲ್ಲಪ್ಪ," ಎಂದು ಉತ್ತರ ಬರುತ್ತಿತ್ತು. ಧಾರವಾಡದವರೂ ಹಾಗೇ ಅನ್ನತೊಡಗಿದ್ದರು.

ಇದು ಗೊತ್ತಾದದ್ದೇ ಸೋಮಲಿಂಗ ಓಡಿಬಂದ. "ಲೇ ಹುಲ್ಲಪ್ಪಾ, ನೊಣಕ್ಕ ನಿನ್ನ ಹೆಸರು ಬಂತಂತಲ್ಲಲೇ! ನೀನೇ ಗೆದ್ದಿ. ಟಗರಿನ ಹೆಸರು ತಿರುಗಿ ಕೊಡು. ಎಮ್ಮಿಗೆ ಇವತ್ತೇ ಹುಲ್ಲಪ್ಪ ಅಂತೇನಿ."

"ಛೆ ಛೆ, ಎಲ್ಲಿ ಗೆದ್ದೆ? ಅದು ಸಾದಾ ನೊಣ. ನಾನೇ ಸೋತೀನಿ," ಎಂದ ಹುಲ್ಲಪ್ಪ. "ಕೈ ಮ್ಯಾಲ ಕೈ ಹಾಕೇನಿ. ಮಾತು ತಪ್ಪೂದು ನನಗ ಬರೂದಿಲ್ಲ."

"ನೀ ಗೆದ್ದೀಯಲೇ!"

"ಇಲ್ಲಪಾ, ಸೋತೀನಿ."

ಟಗರು ಬಂದು ಇಬ್ಬರ ನಡುವೆ ನಿಂತು ಸೋಮಲಿಂಗನ ಧೋತರದ ಚುಂಗು ಅಗಿಯತೊಡಗಿತು. "ಬಿಡು ಸೋಮಲಿಂಗಾ," ಎಂದು ಹುಲ್ಲಪ್ಪ ಮೆತ್ತಗೆ ಹೇಳಿದ. ಟಗರು ಬಿಟ್ಟಿತು.

ಮಂಗಳವಾರ ಮೊದಲ ಬಸ್ಸಿಗೆ ಸೋಮಲಿಂಗ ಬಾದಾಮಿಯ ಮಗಳ ಮನೆಗೆ ಹೊರಟುಹೋದ. ಅವನ ಹೆಸರಿದ್ದ ಬೆಂಚಿನ ತನಕ ಟಗರು ಹಿಂದೆ ಹೋಗಿ, ಬಸ್ಸು ಕಣ್ಮರೆಯಾದ ಮೇಲೆ ತಿರುಗಿ ಬಂತು.