ಸೂಚಿಸಿದವಳು

"ಏಯ್, ಏಳೇ ಮೇಲಕ್ಕೆ! ಅಲ್ಲಿ ಕೂತ್ಕೋ ಅಂತ ಯಾರೇ ಹೇಳಿದ್ದು ನಿಂಗೆ?"

ಕಾರ್ಯದರ್ಶಿ ಬಾಗಿಲಲ್ಲೇ ನಿಂತು ಕೂಗಿದರು. ಕೆಳಗಿನ ಸಭಾಂಗಣ, ಮೆಟ್ಟಿಲು, ಎರಡು ಕಕ್ಕಸು ಎಲ್ಲ ತೊಳೆದು ಬಂದು ನನ್ನ ಮಂಡಿ ಬಿದ್ದುಹೋಗಿತ್ತು. ಮೇಜು ಒರೆಸುತ್ತಾ ಒಂದು ಗಳಿಗೆ ಕುರ್ಚಿಯ ತುದಿಗೆ ಕುಂಡಿ ಊರಿದ್ದೆ, ಅಷ್ಟೇ.

"ಅದು ಸದಸ್ಯರು ಕೂರೋ ಕುರ್ಚಿ."

"ನಾನೂ ಸದಸ್ಯೆ ಅಲ್ವಾ ಸಾರ್?"

ಬಾಯಿತಪ್ಪಿ ಬಂದುಬಿಟ್ಟಿತು. ಅವರ ಹಿಂದೆ ಬರುತ್ತಿದ್ದ ಡಾನ್ಸ್ ಮೇಡಂ ಕಿಸಕ್ಕನೆ ನಕ್ಕರು. ಕಾರ್ಯದರ್ಶಿ ನಗಲಿಲ್ಲ. ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು, ನಾನು ಕೂತಿದ್ದ ಜಾಗವನ್ನು ತಾವೇ ಎರಡು ಸಲ ಒರೆಸಿದರು. ಆ ಮನುಷ್ಯ ಬಟ್ಟೆ ಹಿಡಿದು ಏನನ್ನಾದರೂ ಒರೆಸಿದ್ದು ನಾನು ಕಂಡದ್ದು ಅದೊಂದೇ ಸಲ.

ನಾನು ಸದಸ್ಯೆ ಅನ್ನುವುದು ಸುಳ್ಳಲ್ಲ. ಈ ಪ್ರಾಂತ್ಯದ ಕಲಾ ಮಂಡಳಿಯನ್ನು ಆಳುವವರು ಒಂಬತ್ತು ಜನ. ಯಾರು ವೇದಿಕೆ ಹತ್ತಬೇಕು, ಯಾರಿಗೆ ಪ್ರಶಸ್ತಿ ಕೊಡಬೇಕು, ಯಾರನ್ನು ಬಾಗಿಲಿಂದಲೇ ವಾಪಸ್ಸು ಕಳಿಸಬೇಕು, ಎಲ್ಲ ಇವರೇ ತೀರ್ಮಾನಿಸುವುದು. ಒಂಬತ್ತರಲ್ಲಿ ಒಬ್ಬರಾದರೂ ಕಲೆಯನ್ನೇ ಕಸುಬು ಮಾಡಿ ಬದುಕಿದ ಮನೆಯವರಾಗಿರಬೇಕು ಅಂತ ಸರ್ಕಾರದ ನಿಯಮವಂತೆ. ಹುಡುಕಿಕೊಂಡು ಹೋಗುವ ಕಷ್ಟ ಯಾರಿಗೆ ಬೇಕು? ನಮ್ಮಪ್ಪ ಮರದ ಬೊಂಬೆ ಕೆತ್ತಿ, ದಾರ ಕಟ್ಟಿ ಆಡಿಸುತ್ತಿದ್ದವನು. ನಾನು ಇವರ ಕಾಲ ಬುಡದಲ್ಲೇ ನೆಲ ಒರೆಸುತ್ತಿದ್ದೆ. ಕೈಗೆ ಸಿಕ್ಕಿದೆ, ಹೆಸರು ಬರೆದುಕೊಂಡರು. ಅದಾಗಿ ಮೂರು ವರ್ಷ. ಉಳಿದ ಎಂಟು ಜನಕ್ಕೆ ಕೈಯಿರುವ ಕುರ್ಚಿ, ನನಗೆ ಬಾಗಿಲ ಪಕ್ಕದಲ್ಲಿ ಸ್ಟೂಲು. ಟೀಗೆ ಎದ್ದು ಹೋಗುವುದಕ್ಕೆ ಅದೇ ಅನುಕೂಲ.

ಸಭೆ ನಡೆಯುವ ರೀತಿ ಹೀಗೆ. ಎಲ್ಲರೂ ಬಂದ ಕೂಡಲೇ ಕಾರ್ಯದರ್ಶಿ ನಡಾವಳಿ ಪುಸ್ತಕ ತೆರೆಯುತ್ತಾರೆ. ಹಾಳೆ ಖಾಲಿ. ಕೆಳಗಡೆ ಸಾಲಾಗಿ ಸಹಿ ಹಾಕಿಬಿಡಬೇಕು. ಯಾರು ಏನು ಮಾತಾಡಿದರು, ಏನು ತೀರ್ಮಾನವಾಯಿತು ಅನ್ನುವುದನ್ನು ಅವರು ಆಮೇಲೆ ಮನೆಯಲ್ಲಿ ಕೂತು, ಸಹಿಗಳ ಮೇಲಿನ ಜಾಗದಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುತ್ತಾರೆ. ಮುಂದಿನ ಸಭೆಯಲ್ಲಿ ಅದನ್ನು ಓದಿ, ಎಲ್ಲರ ಕೈಲಿ "ಸರಿ" ಅನ್ನಿಸಬೇಕು. ಓದುವ ಹೊತ್ತಿಗೆ ಸರಿಯಾಗಿ ಅಧ್ಯಕ್ಷರಿಗೆ ಗಂಟಲು ಒಣಗುತ್ತದೆ.

"ಏ ಇವಳೇ, ಟೀ ತಗೊಂಡ್ಬಾ."

ಟ್ರೇ ಹಿಡಿದು ನಾನು ಬರುವಷ್ಟರಲ್ಲಿ ಪುಸ್ತಕ ಮುಚ್ಚಿರುತ್ತಿತ್ತು. ಮೂರು ವರ್ಷದಲ್ಲಿ ಒಂದು ಸಲವೂ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ. ನನಗೆ ಅನುಮಾನವೂ ಬಂದಿರಲಿಲ್ಲ, ಆ ಮಾತು ಬೇರೆ. ದಡ್ಡಿ ನಾನು.

ನಮ್ಮಪ್ಪನ ಬೊಂಬೆಗಳು ಕೆಳಗಿನ ಸಭಾಂಗಣದ ಗಾಜಿನ ಬೀರುವಿನಲ್ಲಿದ್ದವು. ಒಟ್ಟು ಮೂವತ್ತೆರಡು. ಹನ್ನೆರಡು ವರ್ಷದ ಹಿಂದೆ ಎಂಟು ದಿನದ ಪ್ರದರ್ಶನಕ್ಕೆ ಅಂತ ಇದೇ ಅಧ್ಯಕ್ಷರು ಗಾಡಿ ಕಳಿಸಿ ತರಿಸಿಕೊಂಡರು. ಎಂಟು ದಿನ ಆದಮೇಲೆ ಅಪ್ಪ ಹೋಗಿ ಕೇಳಿದ. ನಾಳೆ ಬಾ ಅಂದರು. ಎರಡು ವರ್ಷ ಆ ಮೆಟ್ಟಿಲು ಹತ್ತಿ ಇಳಿದು ಅವನ ಚಪ್ಪಲಿ ಸವೆಯಿತು. ಆಮೇಲೆ ಅವನ ಕೈ ನಡುಗುವುದಕ್ಕೆ ಶುರುವಾಯಿತು. "ನೀನಾದ್ರೂ ಅವುಗಳ ಹತ್ರ ಇರು ಮಗಾ" ಅಂದ. ಹಾಗೆ ನಾನು ಅಲ್ಲಿ ಪೊರಕೆ ಹಿಡಿದದ್ದು.

ಆ ಮೂವತ್ತೆರಡರಲ್ಲಿ ಒಂದು ಬಾಯಿಬಡುಕಿ ಮುದುಕಿ. ನಮ್ಮವ್ವ ಪರದೆ ಹಿಂದೆ ಕೂತು ಆ ಮುದುಕಿಗೆ ದನಿ ಕೊಡುತ್ತಿದ್ದಳು. ಏನು ಬೈಗುಳ ಅಂತೀರಿ! ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವ್ವ ಸತ್ತ ವರ್ಷ ಅಪ್ಪ ಮುದುಕಿ ಬೊಂಬೆಯ ಹಳೆ ತಲೆ ಕಿತ್ತು ಹೊಸದು ಕೆತ್ತಿದ. ಅವ್ವನ ಮುಖವೇ. ಎಡಗಡೆ ಹುಬ್ಬು ಸ್ವಲ್ಪ ಮೇಲೆ, ಮುಂದಿನ ಹಲ್ಲು ಒಂದು ಮುರಿದದ್ದು. ಆ ಬೊಂಬೆಯನ್ನು ಒಂದು ಸಲವೂ ಆಡಿಸುವ ಮೊದಲೇ ಗಾಡಿ ಬಂತು. ಅವತ್ತಿಂದ ಅಪ್ಪ ಯಾವ ಬೊಂಬೆಯ ದನಿಯನ್ನೂ ತೆಗೆದಿರಲಿಲ್ಲ. ದಿನಾ ಸಂಜೆ ನಾನು ಮನೆಗೆ ಹೋದರೆ ಅವನು ಕೇಳುತ್ತಿದ್ದದ್ದು ಒಂದೇ ಮಾತು.

"ಇವತ್ತು ಅವಳ ಮುಖ ಒರೆಸಿದ್ಯಾ?"

"ಒರೆಸ್ದೆ ಕಣಪ್ಪಾ."

ದೂಳು ಹೊಡೆಯುವುದಕ್ಕೆಂದು ಬೀರುವಿನ ಬೀಗದಕೈ ನನ್ನ ಹತ್ತಿರವೇ ಇರುತ್ತಿತ್ತು.

ಕಾರ್ಯದರ್ಶಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ದಿನವೇ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಹೊರಗೆ ಲಾರಿ ನಿಂತಿತ್ತು. ಹಮಾಲಿಗಳು ಸಭಾಂಗಣದಲ್ಲಿ ಮರದ ಪೆಟ್ಟಿಗೆ ಜೋಡಿಸಿ ಹುಲ್ಲು ತುಂಬುತ್ತಿದ್ದರು. ಏನಕ್ಕೆ ಅಂತ ನಾನು ಕೇಳಲಿಲ್ಲ. ಕೇಳಿದರೆ ಯಾರು ಹೇಳುತ್ತಿದ್ದರು?

ಮೇಲೆ ಸಭೆಗೆ ಜನ ಕಡಿಮೆ ಬಿದ್ದಿದ್ದರು. ಇಬ್ಬರಿಗೆ ಜ್ವರ, ಒಬ್ಬರು ಪರ ಊರಿನಲ್ಲಿ. ಇನ್ನೊಬ್ಬರು ಹೋದ ಸಲ ವೇದಿಕೆಯಲ್ಲಿ ನಡುವಿನ ಕುರ್ಚಿ ಸಿಗಲಿಲ್ಲ ಅಂತ ಮುನಿಸಿಕೊಂಡು ಮನೆಯಲ್ಲಿ ಕೂತಿದ್ದರು. ನನ್ನನ್ನು ಬಿಟ್ಟರೆ ಉಳಿದವರು ಅಧ್ಯಕ್ಷರು, ಕಾರ್ಯದರ್ಶಿ, ಡಾನ್ಸ್ ಮೇಡಂ, ಮತ್ತೆ ಯಾವಾಗಲೂ ತೂಕಡಿಸುವ ಒಬ್ಬರು ಮುದಿ ಚಿತ್ರಕಾರರು. ಕೋರಂ ಆಗಬೇಕಾದರೆ ಐದು ಜನ ಬೇಕು.

"ನಡಾವಳಿ ಓದೋವಾಗ ಐದು ಜನ ಕೋಣೆಯೊಳಗೇ ಇರ್ಬೇಕು," ಅಂದರು ಅಧಿಕಾರಿ. "ಇಲ್ದಿದ್ರೆ ನಂಗೆ ಪೆಟ್ಟಿಗೆ ಒಯ್ಯೋಕೆ ಬರಲ್ಲ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಇವತ್ತು ಟೀ ಗೀ ಏನೂ ಬೇಡ. ಬಾಮ್ಮಾ, ಬಾ. ಕುರ್ಚಿ ಮೇಲೇ ಕೂತ್ಕೋ."

ಕಾರ್ಯದರ್ಶಿ ಅದೇ ಕುರ್ಚಿಯನ್ನು, ಬೆಳಿಗ್ಗೆ ತಾವೇ ಒರೆಸಿದ್ದನ್ನು, ನನಗಾಗಿ ಎಳೆದು ಕೊಟ್ಟರು. ಕೂತೆ. ಕೈ ಎಲ್ಲಿಡಬೇಕು ಅಂತ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡೆ.

ಕಾರ್ಯದರ್ಶಿ ಕಳೆದ ಸಭೆಯ ನಡಾವಳಿ ಓದಿದರು. ಕಟ್ಟಡಕ್ಕೆ ಸುಣ್ಣ, ಯಾರಿಗೋ ಸನ್ಮಾನ, ಹೀಗೇ ಏನೇನೋ. ಆಮೇಲೆ ದನಿ ಸಣ್ಣದಾಯಿತು, ಓದುವ ವೇಗ ಹೆಚ್ಚಿತು.

"ಮಂಡಳಿಯ ಸಂಗ್ರಹದಲ್ಲಿರುವ ಮೂವತ್ತೆರಡು ಮರದ ಬೊಂಬೆಗಳು ಮಂಡಳಿಯ ಸ್ವಂತ ಆಸ್ತಿಯೆಂದೂ, ಅಧ್ಯಕ್ಷರ ಹೆಸರಿನ ಕೊಡುಗೆಯಾಗಿ ಅವುಗಳನ್ನು ರಾಜಧಾನಿಯ ವಸ್ತುಸಂಗ್ರಹಾಲಯಕ್ಕೆ ಶಾಶ್ವತವಾಗಿ ಒಪ್ಪಿಸತಕ್ಕದ್ದೆಂದೂ ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಸೂಚಿಸಿದವರು..."

ಕಾರ್ಯದರ್ಶಿ ಕೆಮ್ಮಿದರು. ಕೆಮ್ಮಿ, ನನ್ನ ಹೆಸರು ಓದಿದರು. ಅಪ್ಪನ ಹೆಸರು ಸೇರಿಸಿ, ಪೂರ್ತಿ.

ಹನ್ನೆರಡು ತಿಂಗಳೂ ನಾನು ಆ ಕೋಣೆಯಲ್ಲಿ "ಏ", "ಇವಳೇ", "ಟೀ". ನನ್ನ ಹೆಸರು ಅಲ್ಲಿ ಯಾರ ಬಾಯಿಂದಲಾದರೂ ಬಂದದ್ದು ಅದೇ ಮೊದಲು.

"ನಾನು ಹಂಗೆ ಹೇಳಿಲ್ಲ," ಅಂದೆ.

"ಏನಂದೆ?" ಅಂದರು ಕಾರ್ಯದರ್ಶಿ.

"ನಾನ್ ಸೂಚಿಸಿಲ್ಲ ಸಾರ್. ಸುಳ್ಳು ಅದು."

ಚಿತ್ರಕಾರರಿಗೆ ಎಚ್ಚರವಾಯಿತು. "ಟೀ ಬಂತಾ?" ಅಂದರು.

ಅಧ್ಯಕ್ಷರು ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. "ಈ ಸೈನ್ ಯಾರ್ದು?"

"ನಂದೇ. ಹಾಕ್ದಾಗ ಹಾಳೆ ಖಾಲಿ ಇತ್ತು."

"ಖಾಲಿ ಹಾಳೆಗೆ ಸೈನ್ ಹಾಕ್ತಾರೇನೇ ಯಾರಾದ್ರೂ?" ಅಂದರು ಡಾನ್ಸ್ ಮೇಡಂ. ಅವರ ಸಹಿ ನನ್ನ ಸಹಿಯ ಮೇಲೇ ಇತ್ತು.

ನಾನು ಅಧಿಕಾರಿಯ ಮುಖ ನೋಡಿದೆ. ಅವರು ಕಿಟಕಿ ನೋಡಿದರು. "ಅದೆಲ್ಲಾ ನಿಮ್ಮ ಒಳಗಿನ ವಿಷಯ. ನಂಗೆ ಐದು ಜನ ಇದ್ರೆ ಸಾಕು."

ಅಧ್ಯಕ್ಷರು ದನಿಗೆ ಬೆಣ್ಣೆ ಹಚ್ಚಿಕೊಂಡರು. "ನೋಡು ತಂಗೀ, ನಿಮ್ಮಪ್ಪಂಗೆ ಎಂಥಾ ಮರ್ಯಾದೆ! ರಾಜಧಾನೀಲಿ ಇಡ್ತಾರೆ. ಸಾವಿರಾರು ಜನ ನೋಡ್ತಾರೆ."

"ಅಲ್ಲಿ ಯಾರ ಹೆಸ್ರು ಬರೀತಾರೆ ಸಾರ್?"

ಅಧ್ಯಕ್ಷರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಹೆಸ್ರು ಬೇಡ ಬಿಡಿ. ಒಂದೇ ಒಂದು ಬೊಂಬೆ ಬಿಟ್ಬಿಡಿ. ಆ ಮುದುಕೀದು. ಅದು ನಮ್ಮವ್ವ ಸಾರ್. ಕಾಲಿಗೆ ಬೀಳ್ತೀನಿ."

ಹೌದು, ಅಷ್ಟೂ ಹೇಳಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

"ಮೂವತ್ತೆರಡು ಅಂತ ಬರ್ದಾಗಿದೆ," ಅಂದರು ಅಧ್ಯಕ್ಷರು. "ಮೂವತ್ತೊಂದು ಮಾಡಕ್ಕಾಗಲ್ಲ. ಹ್ಞೂಂ, ಸರಿ ಅನ್ನು, ಮುಗಿಸೋಣ."

"ಸರಿ ಇಲ್ಲ."

ಕಾರ್ಯದರ್ಶಿ ಮೇಜು ಗುದ್ದಿದರು. "ಪೊರಕೆ ಹಿಡಿಯೋ ಕೈಗೆ ಪೆನ್ನು ಕೊಟ್ವಲ್ಲ, ನಮ್ಮ ಬುದ್ಧಿಗೆ ಹೊಡೀಬೇಕು! ನಾಳೆಯಿಂದ ಈ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ. ನಿಮ್ಮಪ್ಪ ಮಣ್ಣು ತಿನ್ಲಿ."

ನಾನು ಎದ್ದೆ.

"ಕೂತ್ಕೋ!" ಅಂದರು ಅಧ್ಯಕ್ಷರು. ಅವರಿಗೆ ತಕ್ಷಣ ಲೆಕ್ಕ ಹೊಳೆದಿತ್ತು. "ಕೂತ್ಕೊಳೇ, ಹಾಳಾದೋಳೇ!"

"ಬೆಳಿಗ್ಗೆ ಈ ಕುರ್ಚಿಯಿಂದ ಏಳು ಅಂದ್ರಲ್ಲ ಸಾರ್, ಎದ್ದಿದೀನಿ." ಅಧಿಕಾರಿಯ ಕಡೆ ತಿರುಗಿದೆ. "ಸಾಹೇಬ್ರೇ, ಈಗ ಎಣಿಸ್ಕೊಳ್ಳಿ. ನಾಲ್ಕೇ ಜನ ಇರೋದು."

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಬೀರು ತೆಗೆದೆ. ಮೂವತ್ತೊಂದು ಮುಖ ನನ್ನನ್ನೇ ನೋಡುತ್ತಿದ್ದವು, ಎಲ್ಲವನ್ನೂ ಎತ್ತುವುದಕ್ಕೆ ನನಗೆ ಎರಡೇ ಕೈ. ಅವ್ವನನ್ನು ಕೊಕ್ಕೆಯಿಂದ ಬಿಡಿಸಿ ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡೆ.

"ಅದೂ ಪೆಟ್ಟಿಗೆಗೆ ಅಲ್ವೇನಕ್ಕಾ?" ಅಂದ ಒಬ್ಬ ಹಮಾಲಿ.

"ನಮ್ಮವ್ವ ಕಣಪ್ಪಾ ಇದು."

ಅವನು ನನ್ನ ಮುಖ ನೋಡಿದ, ಬೊಂಬೆಯ ಮುಖ ನೋಡಿದ. ಬಾಗಿಲಿಗೆ ಅಡ್ಡ ಇದ್ದ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ಮೇಲಿನಿಂದ ಕಾರ್ಯದರ್ಶಿ "ಕಳ್ಳೀ! ಹಿಡೀರೋ ಅವಳನ್ನ!" ಅಂತ ಕಿರುಚುತ್ತಿದ್ದರು. ಯಾರೂ ಹಿಡಿಯಲಿಲ್ಲ.

ಮನೆ ಅಂದರೆ ಒಂದು ಕೋಣೆ, ಒಂದು ಮಂಚ. ಅಪ್ಪ ಬೊಂಬೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಹುಬ್ಬಿನ ಮೇಲೆ ಬೆರಳಾಡಿಸಿದ. ಆಮೇಲೆ, "ದಾರ ಎಲ್ಲ ಲಡ್ಡಾಗಿದೆ. ಹೊಲಿಗೆ ದಾರ ಇದ್ರೆ ಕೊಡು," ಅಂದ. ನಡುಗುವ ಕೈಯಲ್ಲಿ ಗಂಟು ಬೀಳುತ್ತಿರಲಿಲ್ಲ. ಅವನು ಹಿಡಿದ, ನಾನು ಕಟ್ಟಿದೆ. ಏಳು ದಾರ ಕಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ನಡೆದದ್ದೆಲ್ಲ ಹೇಳಿದೆ. ಖಾಲಿ ಹಾಳೆಯ ವಿಷಯ ಹೇಳುವಾಗ ಅತ್ತೆ.

"ಅಪ್ಪಾ, ನಾನೇ ಕೊಟ್ಬಿಟ್ಟೆ ಅಂತ ಬರ್ದಿದೆ."

"ನೀನ್ ತಂದಿದೀಯಲ್ಲ," ಅಂದ ಅಪ್ಪ.

ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು. ಬೂಟುಕಾಲು ನಮ್ಮ ಬಾಗಿಲಿಗೇ ಬಂತು. ಕಾರ್ಯದರ್ಶಿಯ ದನಿ: "ಇದೇ ಮನೆ ಸಾರ್. ಮಂಡಳಿ ಆಸ್ತಿ ಒಳಗೇ ಇದೆ." ಆಮೇಲೆ ಪೊಲೀಸರು ಲಾಠಿಯಿಂದ ಬಾಗಿಲು ಬಡಿದರು. ಚಿಲಕ ಅಲ್ಲಾಡಿತು.

ನಾನು ಏಳುವುದಕ್ಕೆ ಹೋದೆ. ಅಪ್ಪ ನನ್ನ ಭುಜ ಒತ್ತಿ ಕೂರಿಸಿ, ತಾನೇ ಎದ್ದ. ದಾರದ ಹಿಡಿ ಎತ್ತಿದ. ಬೊಂಬೆ ನೆಲದ ಮೇಲೆ ಎರಡು ಕಾಲೂರಿ ನಿಂತಿತು. ಅವನ ಕೈ ನಡುಗುತ್ತಿತ್ತು, ಅದಕ್ಕೇ ಅವಳ ಮೈಯೆಲ್ಲ ಸಿಟ್ಟಿನಿಂದ ನಡುಗುತ್ತಿತ್ತು. ಸೊಂಟಕ್ಕೆ ಕೈ ಇಟ್ಟಳು. ತಲೆ ಎತ್ತಿ ಬಾಗಿಲು ನೋಡಿದಳು.

ಹನ್ನೆರಡು ವರ್ಷ ಆದಮೇಲೆ ಅಪ್ಪ ದನಿ ತೆಗೆದ, ಬಂದದ್ದು ಅವ್ವನ ದನಿ.

"ಯಾವನೋ ಅವನು, ಬೇವರ್ಸಿ ನನ್ಮಗ! ನನ್ನ ಮನೆ ಬಾಗಿಲು ಬಡೀತೀಯೇನೋ? ಯಾರದೋ ಆಸ್ತಿ ನಾನು? ತಾಕತ್ತಿದ್ರೆ ಒಳಗೆ ಬಾರೋ, ನನ್ನ ಮುಖ ನೋಡ್ಕೊಂಡು ಹೇಳೋ!"

ಬಡಿಯುವುದು ನಿಂತಿತು.